ಪ್ಯಾರಾಮೌಂಟ್ ಇದ್ದ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಿ

ಮಾನ್ಯ ಮುಖ್ಯಮಂತ್ರಿಗಳೇ,



ಮಾರ್ಚ್ 3ನ್ನು ವಿಶ್ವ ಕನ್ನಡ ಸಿನಿಮಾ ದಿನವಾಗಿ ಆಚರಿಸುತ್ತೇವೆಂದು ಸರ್ಕಾರ ಹೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ಅಜ್ಜಿ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನಾ’ ತೆರೆ ಕಂಡಿತು. ತೆರೆಗೆ ಬಂದ ಮೊದಲ ಕನ್ನಡ ವಾಕ್ಚಿತ್ರ ಅದು. ಆರು ವಾರ ಹೌಸ್‌ಫುಲ್ ಆಗಿ ಓಡಿತು. ಆ ಆರು ವಾರಗಳಲ್ಲಿ ಒಂದು ಸಂಜೆ, ಆಗಷ್ಟೇ ಮದುವೆಯಾಗಿ ಬಳೇಪೇಟೆಗೆ ಬಂದಿದ್ದ ಹದಿನಾಲ್ಕು ವರ್ಷದ ನನ್ನ ಅಜ್ಜಿ ಅತ್ತೆಯ ಸೆರಗು ಹಿಡಿದುಕೊಂಡು ಹೋಗಿ ಅದನ್ನು ನೋಡಿ ಬಂದಿದ್ದಳು.

ಕಥೆ ಏನೆಂದು ಕೇಳಿದರೆ ಅವಳು ಹೇಳುತ್ತಿರಲಿಲ್ಲ. ಇಂದ್ರಜಿತುವಿನ ಹೆಂಡತಿಯ ಕಥೆ ಯಾರಿಗೆ ಗೊತ್ತಿಲ್ಲ ಎನ್ನುತ್ತಿದ್ದಳು. ಅವಳಿಗೆ ಹೇಳಬೇಕಿದ್ದದ್ದೇ ಬೇರೆ. “ನಾಟಕದಲ್ಲಾದ್ರೆ ಪಾತ್ರದೋರು ನಮ್ ಕಡೆ ನೋಡ್ತಿದ್ರು ಕಣೋ. ಇಲ್ಲಿ ನಮ್ ಕಡೆ ನೋಡ್ಲೇ ಇಲ್ಲ, ಆದ್ರೂ ನಮ್ ಮಾತೇ ಆಡಿದ್ರು.” ಸಿನಿಮಾದ ಬಗ್ಗೆ ನಾನು ಓದಿದ ಎಷ್ಟೋ ಪುಸ್ತಕಗಳಿಗಿಂತ ಈ ಎರಡು ಮಾತು ನನ್ನಲ್ಲಿ ಹೆಚ್ಚು ಕಾಲ ಉಳಿದಿವೆ.

ಆ ಚಿತ್ರದ ಹಿಂದಿನ ಶ್ರಮ ನಿಮಗೆ ತಿಳಿಯದ್ದಲ್ಲ. ರಾಜಸ್ಥಾನದಿಂದ ಬಂದು ಬೆಂಗಳೂರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಚಮನ್‌ಲಾಲ್ ಡುಂಗಾಜಿ ಹಣ ಹಾಕಿದರು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು, ಹಾಡು ಬರೆದುಕೊಟ್ಟರು. ನಿರ್ದೇಶನ ವೈ.ವಿ. ರಾವ್ ಅವರದು. ಕಂಪನಿ ನಾಟಕದಲ್ಲಿ ಪಳಗಿದ್ದ ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾದರು, ಆರ್. ನಾಗೇಂದ್ರರಾಯರು ರಾವಣನಾದರು, ತ್ರಿಪುರಾಂಬ ಸುಲೋಚನೆಯಾದರು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಹೆಚ್ಚಿನ ಭಾಗವನ್ನು ಬಿಸಿಲ ಬೆಳಕಿನಲ್ಲೇ, ರಿಫ್ಲೆಕ್ಟರ್ ಹಿಡಿದು ತೆಗೆದರು. ಸುಮಾರು ಎರಡು ತಿಂಗಳ ಕೆಲಸ, 40,000 ರೂಪಾಯಿ ಖರ್ಚು. ಇಷ್ಟೆಲ್ಲ ಮಾಡಿ ತಂದ ಆ ಚಿತ್ರದ ಒಂದೇ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ಕಾಲದ ಫಿಲ್ಮು ನೈಟ್ರೇಟಿನದು, ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು, ಡಬ್ಬಿಯಲ್ಲೇ ಪುಡಿಯಾಗುವಂಥದ್ದು. ಅದು ಕಳೆದುಹೋದದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ.

ಆದರೆ ಇಟ್ಟಿಗೆ, ಗಾರೆ ನೈಟ್ರೇಟ್ ಅಲ್ಲ. ಪ್ಯಾರಾಮೌಂಟ್ ಎಲ್ಲಿ ಹೋಯಿತು?

ಸಿನಿಮಾಕ್ಕೂ ಮೊದಲು ಅದು ದೊಡ್ಡಣ್ಣ ಹಾಲ್. ಜನೋಪಕಾರಿ ಎಂದೇ ಹೆಸರಾದ ದೊಡ್ಡಣ್ಣ ಶೆಟ್ಟರ ಹೆಸರಿನ ಸಭಾಂಗಣ, ನಾಟಕ ನಡೆಯುತ್ತಿದ್ದ ಜಾಗ. ರಂಗದ ಮೇಲೆ ಪರದೆ ಕಟ್ಟಿದರು, ಹಾಲ್ ಹೋಗಿ ಪ್ಯಾರಾಮೌಂಟ್ ಆಯಿತು. ಕಟ್ಟಡ ಹೋಗಿ ದಶಕಗಳೇ ಆದವು. ಹೋದ ವರ್ಷ ಮಾರ್ಚ್ 3ರ ಬೆಳಗ್ಗೆ ನಾನು ಅಲ್ಲಿಗೆ ಹೋಗಿದ್ದೆ. ಮಾರುಕಟ್ಟೆಯ ಹೂವಿನ ವ್ಯಾಪಾರ ಮುಗಿಯುವ ಹೊತ್ತು. ಬುಟ್ಟಿಯ ತಳದಲ್ಲಿ ಉಳಿದ ಸೇವಂತಿಗೆಯನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದರು. ಹತ್ತಾರು ಜನರನ್ನು ಕೇಳಿದೆ. ಮೂಟೆ ಹೊರುವವರು, ಆಟೋದವರು, ಪಾತ್ರೆ ಅಂಗಡಿಯವರು. ಒಬ್ಬ ಹಿರಿಯರು ಮಾತ್ರ ಕೈ ಎತ್ತಿ ಕಲಾಸಿಪಾಳ್ಯದ ಕಡೆ ತೋರಿಸಿದರು. ಅಲ್ಲಿ ಒಂದು ಫಲಕವಿಲ್ಲ, ಕಲ್ಲಿಲ್ಲ. ಅದೇ ಬೆಳಗ್ಗೆ ಪತ್ರಿಕೆಯಲ್ಲಿ ಕನ್ನಡ ಸಿನಿಮಾ ದಿನದ ಸುದ್ದಿ ಇತ್ತು. ದಿನವನ್ನು ನಾವು ಉಳಿಸಿಕೊಂಡಿದ್ದೇವೆ, ಆ ದಿನ ನಡೆದ ಜಾಗವನ್ನು ಮರೆತಿದ್ದೇವೆ. ಈ ಪತ್ರ ಬರೆಯಲು ಕಾರಣ ಅದು.

ಈ ಊರಿಗೆ ಹೀಗೆ ಜಾಗ ಮರೆಯುವುದು ಅಭ್ಯಾಸವೇ ಆಗಿಬಿಟ್ಟಿದೆ. ರಾಜ್ಯದ ಯಾವ ಮೂಲೆಯಿಂದ ಬಸ್ಸು ಹತ್ತಿದರೂ ಹೆಚ್ಚಿನವರು ಬಂದು ಇಳಿಯುವುದು ‘ಮೆಜೆಸ್ಟಿಕ್‌’ನಲ್ಲಿ. ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ, ಇರಬೇಕಾದ್ದೇ. ಆದರೂ ಬಾಯಿಗೆ ಬರುವುದು ಮೆಜೆಸ್ಟಿಕ್. ಮೆಟ್ರೋದ ಘೋಷಣೆಯಲ್ಲೂ ಆ ಹೆಸರು ಬರುತ್ತದೆ. ಆ ಹೆಸರಿನ ಒಂದು ಚಿತ್ರಮಂದಿರ ಕೆಂಪೇಗೌಡ ರಸ್ತೆಯಲ್ಲಿತ್ತು, ಅದರಿಂದಲೇ ಇಡೀ ಪ್ರದೇಶಕ್ಕೆ ಈ ಹೆಸರು ಬಂತು ಎಂಬುದು ಅಲ್ಲಿ ದಿನವೂ ಇಳಿಯುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಗೆ ಗೊತ್ತು? ನನ್ನ ಮಗಳಿಗೆ ಗೊತ್ತಿರಲಿಲ್ಲ. ‘ಮೆಜೆಸ್ಟಿಕ್ ಅಂದ್ರೆ ಬಸ್‌ಸ್ಟ್ಯಾಂಡ್ ಅಲ್ವಾ ಅಪ್ಪ?’ ಎಂದು ಕೇಳಿದಳು.

ಅಜ್ಜಿಗೆ ಪ್ಯಾರಾಮೌಂಟ್ ಹೇಗೋ ನನಗೆ ಗಾಂಧಿನಗರದ ಕಪಾಲಿ ಚಿತ್ರಮಂದಿರ ಹಾಗೆ.

ಅಪ್ಪ ಚಿಕ್ಕಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಭಾನುವಾರ ಮಧ್ಯಾಹ್ನ ಅಂಗಡಿಗೆ ರಜೆ. ತಿಂಗಳಿಗೊಮ್ಮೆ ಮ್ಯಾಟಿನಿಗೆ ಕರೆದುಕೊಂಡು ಹೋಗುವುದು ಅವರು ನಮಗೆ ಕೊಟ್ಟ ಮಾತು. ಬಳೇಪೇಟೆಯಿಂದ ನಡೆದು ಕೆಂಪೇಗೌಡ ರಸ್ತೆ ದಾಟಿ ಗಾಂಧಿನಗರಕ್ಕೆ ಬರುವಷ್ಟರಲ್ಲಿ ದಾರಿಯ ಎರಡೂ ಕಡೆ ಚಿತ್ರಮಂದಿರಗಳು: ಸಾಗರ್, ಅಲಂಕಾರ್, ಸ್ಟೇಟ್ಸ್, ಹಿಮಾಲಯ, ಗೀತಾ, ಮೇನಕಾ. ಪ್ರತಿಯೊಂದರ ಮುಂದೆಯೂ ನಿಂತು ಫೋಟೋ ಕಾರ್ಡುಗಳನ್ನು ನೋಡಿಯೇ ನಾವು ಮುಂದೆ ಹೋಗುತ್ತಿದ್ದದ್ದು. ಸ್ಟೇಟ್ಸ್‌ನಲ್ಲಿ ‘ಬಂಗಾರದ ಮನುಷ್ಯ’ 1972ರಲ್ಲಿ ಶುರುವಾದದ್ದು ಎರಡು ವರ್ಷ ಓಡಿತು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಹಾಕಿದ ಬ್ಯಾನರು ನಾಲ್ಕನೇ ಕ್ಲಾಸಿಗೆ ಬಂದಾಗಲೂ ಅಲ್ಲೇ ಇತ್ತು. ಆ ಚಿತ್ರ ನೋಡಿ ಊರಿಗೆ ಹಿಂತಿರುಗಿ ಬೇಸಾಯಕ್ಕೆ ಇಳಿದವರ ಮಾತನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು.

ಕಪಾಲಿ ಬೇರೆಯದೇ ಲೋಕ. 1968ರಲ್ಲಿ ಆಗಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ ಮಂದಿರ. ಸಾವಿರದ ನಾನೂರಕ್ಕೂ ಹೆಚ್ಚು ಆಸನ. ಸಿನೆರಮಾಕ್ಕೆಂದು ಮಾಡಿದ ಬಾಗಿದ ತೆರೆ. ನಾವು ಕೂರುತ್ತಿದ್ದದ್ದು ತೆರೆಯ ಮುಂದಿನ ಅಗ್ಗದ ಸಾಲುಗಳಲ್ಲಿ, ಗಾಂಧಿ ಕ್ಲಾಸಿನಲ್ಲಿ. ಆ ಬಾಗಿದ ತೆರೆಯ ಮುಂದೆ ಕುತ್ತಿಗೆ ಎತ್ತಿ ಕೂತರೆ ಚಿತ್ರ ಎದುರಿಗಿದೆ ಎನಿಸುತ್ತಿರಲಿಲ್ಲ, ನಾವೇ ಅದರ ಒಳಗಿದ್ದೇವೆ ಎನಿಸುತ್ತಿತ್ತು. ದೀಪ ಆರುವ ಮುನ್ನ ಪರದೆ ಎರಡು ಬದಿಗೆ ಸರಿಯತೊಡಗುತ್ತಿತ್ತು. ಸರಿದಷ್ಟೂ ತೆರೆ ಮುಗಿಯುತ್ತಿರಲಿಲ್ಲ. ಆ ಕ್ಷಣಕ್ಕೆ ಇಡೀ ಗಾಂಧಿ ಕ್ಲಾಸು ‘ಓ’ ಎನ್ನುತ್ತಿತ್ತು. ಎಷ್ಟನೇ ಸಲ ಬಂದವರೂ ‘ಓ’ ಎನ್ನುತ್ತಿದ್ದರು. ಅಪ್ಪ ಮಾತ್ರ ನನ್ನ ಮುಖ ನೋಡುತ್ತಿದ್ದರು. ತೆರೆ ಬಿಟ್ಟು ನನ್ನನ್ನೇಕೆ ನೋಡುತ್ತಾರೆಂದು ಆಗ ತಿಳಿಯುತ್ತಿರಲಿಲ್ಲ. ಮಗಳನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದ ದಿನ ತಿಳಿಯಿತು.

ಇಂಟರ್ವಲ್‌ನಲ್ಲಿ ಕಾಗದದ ಪೊಟ್ಟಣದಲ್ಲಿ ಬಿಸಿ ಕಡಲೆಕಾಯಿ, ಗೋಲಿ ಸೋಡಾ. ಹೊರಗೆ ಹೌಸ್‌ಫುಲ್ ಬೋರ್ಡಿನ ಕೆಳಗೆ ತಗ್ಗಿದ ದನಿಯಲ್ಲಿ ಬ್ಲಾಕ್ ಟಿಕೆಟ್ ಮಾರುವವರು. ಹೊಸ ಚಿತ್ರ ಬಂದ ದಿನ ಕಟೌಟಿಗೆ ಏಣಿ ಹಾಕಿ ಹಾರ ಹಾಕುವವರು. ಗಾಂಧಿನಗರದಲ್ಲಿ ಆಗ ಎಲ್ಲರೂ ಕೇಳುತ್ತಿದ್ದ ಮಾತು ಒಂದೇ: ‘ಮೇನ್ ಥಿಯೇಟರ್ ಯಾವುದು?’ ಚಿತ್ರ ರಾಜ್ಯದ ಎಲ್ಲ ಊರಲ್ಲಿ ಬಿಡುಗಡೆಯಾದರೂ ಅದರ ಹಣೆಬರಹ ತೀರ್ಮಾನವಾಗುತ್ತಿದ್ದದ್ದು ಮೇನ್ ಥಿಯೇಟರಿನ ಮೊದಲ ಆಟದಲ್ಲಿ. 1995ರ ‘ಓಂ’ ಕಪಾಲಿಯಲ್ಲಿ ಮತ್ತೆ ಮತ್ತೆ ಬಿಡುಗಡೆಯಾಗುತ್ತಿತ್ತು. ಪ್ರತಿ ಸಲವೂ ಹೊಸ ಚಿತ್ರಕ್ಕೆ ಸೇರುವಂತೆ ಹುಡುಗರು ಸೇರುತ್ತಿದ್ದರು.

2017ರಲ್ಲಿ ಕಪಾಲಿ ಮುಚ್ಚಿತು. ಆಮೇಲೆ ಒಡೆದರು. ಒಡೆಯುವಾಗ ಒಂದು ದಿನ ರಸ್ತೆಯ ಆಚೆ ನಿಂತು ನೋಡಿದೆ. ಮುಂಗೋಡೆ ಬಿದ್ದಿತ್ತು. ಬಾಲ್ಕನಿಯ ಮೆಟ್ಟಿಲು ಆಕಾಶಕ್ಕೆ ತೆರೆದುಕೊಂಡಿತ್ತು. ತೆರೆ ಇದ್ದ ಕಡೆ ಮಧ್ಯಾಹ್ನದ ಬಿಸಿಲು. ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬರು ಹಿಂದೆ ಅದೇ ರಸ್ತೆಯ ಮತ್ತೊಂದು ಚಿತ್ರಮಂದಿರದಲ್ಲಿ ಗೇಟ್‌ಕೀಪರ್ ಆಗಿದ್ದವರಂತೆ. ‘ಟಾರ್ಚ್ ಇಲ್ದೆ ಕತ್ಲಲ್ಲಿ ಯಾವ ಸೀಟು ಎಲ್ಲಿದೆ ಅಂತ ಈಗ್ಲೂ ಹೇಳ್ತೀನಿ ಸಾರ್’ ಎಂದರು. ಅವರು ಹೇಳಬಲ್ಲ ಆ ಮಂದಿರವೂ ಇವತ್ತು ಇಲ್ಲ.

ಒಡೆದವರ ಮೇಲೆ ನನಗೆ ಸಿಟ್ಟಿಲ್ಲ. ಅದು ಅವರ ಸ್ವತ್ತು. ಮೊದಲು ಮನೆಮನೆಗೆ ಟಿವಿ ಬಂತು, ಆಮೇಲೆ ಮಲ್ಟಿಪ್ಲೆಕ್ಸ್ ಬಂದವು. ರೀಲು ಹೋಗಿ ಡಿಜಿಟಲ್ ಬಂದ ಮೇಲೆ ಒಂದೇ ದಿನ ನೂರಾರು ಕಡೆ ಚಿತ್ರ ಬಿಡುಗಡೆಯಾಗತೊಡಗಿ, ಮೂರು ವಾರಕ್ಕೆ ಅದರ ಆಯಸ್ಸು ಮುಗಿಯತೊಡಗಿತು. ಸಾವಿರದ ನಾನೂರು ಆಸನಗಳಲ್ಲಿ ನೂರು ಜನ ಕೂತರೆ ವಿದ್ಯುತ್ ಬಿಲ್ಲೂ ಹುಟ್ಟದು. ಕಾಲ ಕೆಳಗಿನ ನೆಲದ ಬೆಲೆ ಮಾತ್ರ ಏರುತ್ತಲೇ ಇತ್ತು. ಇಂಥ ಲೆಕ್ಕದ ಮುಂದೆ ಮಾಲೀಕರು ಎಷ್ಟು ದಿನ ನಿಂತಾರು? ಒಡೆಯಬೇಡಿ ಎಂದು ಕೇಳುವ ಹಕ್ಕು ತಿಂಗಳಿಗೊಮ್ಮೆ ಗಾಂಧಿ ಕ್ಲಾಸಿನ ಟಿಕೆಟ್ ಕೊಂಡ ನನಗಿಲ್ಲ.

ಆದರೆ ಸರ್ಕಾರವನ್ನು ಕೇಳುವ ಹಕ್ಕಿದೆ. ಯಾಕೆಂದರೆ ಈ ಮಂದಿರಗಳ ಅರ್ಧ ಚರಿತ್ರೆ ನಿಮ್ಮ ಕಚೇರಿಗಳಲ್ಲೇ ಇರಬೇಕು. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾವ ಚಿತ್ರಮಂದಿರವೂ ನಡೆಯುವಂತಿಲ್ಲ. ಪರವಾನಗಿ ಅರ್ಜಿಯ ಜೊತೆ ಕಟ್ಟಡದ ನಕ್ಷೆ, ಆಸನಗಳ ಸಂಖ್ಯೆ, ಬಾಗಿಲುಗಳ ವಿವರ ಎಲ್ಲ ಕಡತಕ್ಕೆ ಸೇರಿದವು. 2017ರಲ್ಲಿ ಜಿಎಸ್‌ಟಿ ಬರುವವರೆಗೆ ಮನರಂಜನಾ ತೆರಿಗೆ ಇತ್ತು. ಅದಕ್ಕಾಗಿ ಪ್ರತಿ ಆಟಕ್ಕೆ ಎಷ್ಟು ಟಿಕೆಟ್ ಹೋಯಿತು, ಎಷ್ಟು ಹಣ ಬಂತು ಎಂದು ಬರೆದಿಟ್ಟ ಡಿಸಿಆರ್ (ದಿನದ ಗಳಿಕೆ) ಲೆಕ್ಕಗಳಿದ್ದವು. ಯಾವ ಚಿತ್ರವನ್ನು ನಮ್ಮ ಜನ ಯಾವ ವಾರ ಎಷ್ಟು ಮಂದಿ ನೋಡಿದರು ಎಂಬ ಸಾಕ್ಷ್ಯ ಅದು. ಹಳೇ ಕಡತವೆಂದು ಅವನ್ನು ರದ್ದಿಗೆ ಹಾಕುವ ಮುನ್ನ ದಯವಿಟ್ಟು ತಡೆಯಿರಿ. ಉಳಿದಿರುವಷ್ಟನ್ನು ರಾಜ್ಯ ಪತ್ರಾಗಾರಕ್ಕೆ ಕಳಿಸಿ. ಇನ್ನು ಮುಂದೆ ಒಂದು ಹಳೆಯ ಚಿತ್ರಮಂದಿರ ಕೆಡವಲು ಅನುಮತಿ ಕೇಳಿದಾಗ, ಕೆಡವುವ ಮೊದಲು ಒಳಗೆ ಹೊರಗೆ ಫೋಟೋ ತೆಗೆದು, ಅಲ್ಲಿ ದುಡಿದ ಆಪರೇಟರ್, ಗೇಟ್‌ಕೀಪರ್, ಬುಕಿಂಗ್ ಕ್ಲರ್ಕ್ ಹೇಳುವುದನ್ನು ದಾಖಲಿಸುವ ವ್ಯವಸ್ಥೆ ಮಾಡಿ. ಅವರೆಲ್ಲರಿಗೂ ವಯಸ್ಸಾಗಿದೆ.

2025–26ರ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ ರೂಪಾಯಿ ಇಟ್ಟಿರಿ, ಮೈಸೂರಿನಲ್ಲಿ 150 ಎಕರೆಯ ಚಿತ್ರನಗರಿಯ ಮಾತಾಡಿದಿರಿ. ಎರಡೂ ಒಳ್ಳೆಯವು. ಚಿತ್ರಗಳ ಭಂಡಾರದ ಪಕ್ಕದಲ್ಲಿ ಚಿತ್ರಮಂದಿರಗಳಿಗೂ ಒಂದು ಕಪಾಟು ಇರಲಿ ಎಂಬುದಷ್ಟೇ ನನ್ನ ಕೋರಿಕೆ. ನೋಡುವವರು ಸೇರುವ ಜಾಗವಿಲ್ಲದೆ ಯಾವ ಚಿತ್ರವೂ ಚಿತ್ರವಾಗಲಿಲ್ಲ.

ಪ್ಯಾರಾಮೌಂಟ್ ವಿಷಯದಲ್ಲಿ ಕೇಳುವುದು ಇನ್ನೂ ಚಿಕ್ಕದು. ಸರ್ವೇ ಇಲಾಖೆಯವರನ್ನು ಕಳಿಸಿ ದೊಡ್ಡಣ್ಣ ಹಾಲ್ ಇದ್ದ ಜಾಗವನ್ನು ಗುರುತಿಸಲು ಹೇಳಿ. ಅದರ ಎದುರಿನ ಫುಟ್‌ಪಾತಿನಲ್ಲಿ, ಓಡಾಡುವವರಿಗೆ ತೊಂದರೆಯಾಗದಂತೆ, ಸೊಂಟದೆತ್ತರದ ಒಂದು ಕಲ್ಲು ನಿಲ್ಲಿಸಿ. ಬೆಂಗಳೂರಿನ ಸುತ್ತ ಕಲ್ಲಿಗೇನೂ ಬರವಿಲ್ಲ. ಚಿತ್ರದ ಹೆಸರು, ತಾರೀಖು, ನಟಿಸಿದವರ ಹೆಸರುಗಳನ್ನು ಕೆತ್ತಿಸಿ. ಉದ್ಘಾಟಿಸಿದವರ ಹೆಸರು ಅದರಲ್ಲಿ ಬೇಡ. ಕೆಂಪೇಗೌಡ ರಸ್ತೆಯಲ್ಲಿ ಮೆಜೆಸ್ಟಿಕ್ ಇದ್ದಲ್ಲಿ, ಗಾಂಧಿನಗರದಲ್ಲಿ ಕಪಾಲಿ ಇದ್ದಲ್ಲಿ ಅಂಥವೇ ಇನ್ನೆರಡು.

ಬರುವ ಮಾರ್ಚ್ 3ರಂದು ಸಮಾರಂಭಕ್ಕೆ ಹೊರಡುವ ಮೊದಲು ಹತ್ತು ನಿಮಿಷ ಸಿಟಿ ಮಾರುಕಟ್ಟೆಯ ಬಳಿ ಇಳಿಯಿರಿ. ಬೆಳಗ್ಗೆ ಬೇಗ ಬಂದರೆ ಹೂವು ಸಿಗುತ್ತದೆ.

ಇಂತಿ,
ಬಳೇಪೇಟೆಯ ಒಬ್ಬ ಪ್ರೇಕ್ಷಕ