ಮುಳ್ಳು ಎತ್ತಿಟ್ಟರೆ ಮೀಟರ್ ಸರಿಯಾಗದು

ಧಾರವಾಡದಿಂದ ಪುಣೆಗೆ ತಂದ ಅಪ್ಪನ 1997ರ ಮಾರುತಿ 800ಕ್ಕೆ ಕಳೆದ ವರ್ಷ ಟೈರ್ ಬದಲಿಸಿದೆ. ಮೊದಲಿನ 145/70 ಆರ್12 ಅಂಗಡಿಯಲ್ಲಿ ಇರಲಿಲ್ಲ. ಆಲ್ಟೊದ 145/80 ಆರಾಮಾಗಿ ಕೂರುತ್ತದೆ ಎಂದರು. ಕೂತಿತು. ಆಮೇಲೆ ಮೈಲೇಜ್ ಬಿತ್ತು. ‘ಎಷ್ಟು ಕೊಡಾಕತ್ತೈತಿ?’ ಎಂದು ಅಪ್ಪ ಫೋನಿನಲ್ಲಿ ಕೇಳಿದಾಗಲೆಲ್ಲ 18 ಇದ್ದದ್ದು 17 ಆಗಿದೆ ಎನ್ನಲು ನಾಚಿಕೆ. ಪೆಟ್ರೋಲ್ ಬಂಕನ್ನು ಬೈದೆ, ಕಾರ್ಬ್ಯುರೇಟರ್ ಬಿಚ್ಚಿಸಿದೆ.

ತಪ್ಪು ಟೈರಿನದು. ಅದರ ವ್ಯಾಸ 508ರ ಬದಲು 537 ಮಿ.ಮೀ. ಒಂದು ಸುತ್ತಿಗೆ ಕಾರು 9 ಸೆಂ.ಮೀ. ಹೆಚ್ಚು ಸಾಗುತ್ತದೆ, ಆದರೆ ಮೀಟರ್ ಕೇಬಲ್‌ಗೆ ಗೊತ್ತಾಗುವುದು ಸುತ್ತು ಮಾತ್ರ. 100 ಕಿ.ಮೀ. ಓಡಿದರೆ 94.6 ಎನ್ನುತ್ತದೆ. ಮೈಲೇಜ್ ಹಾಳಾಗಲಿ, ಬೆಳಗಾವಿ ಹೆದ್ದಾರಿಯಲ್ಲಿ ಮುಳ್ಳು 80ರಲ್ಲಿದ್ದಾಗ ನಾನು ಸುಮಾರು 85ರಲ್ಲಿದ್ದೆ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು! ಟೈರ್ ಮಾರುವವರು ಇದನ್ನು ಹೇಳಲೇಬೇಕು.

ಮೆಕ್ಯಾನಿಕ್ ಕೊಟ್ಟ ಉಪಾಯ: ಮುಳ್ಳು ಕಿತ್ತು ಸ್ವಲ್ಪ ಮುಂದಕ್ಕೆ ಕೂರಿಸುವುದು. ಹಳೆ ಕಾರಿನ ಗೆಳೆಯರೂ ತಲೆಯಾಡಿಸಿದರು. ನನ್ನ ಪ್ರಕಾರ ಅದು ನಮಗೆ ನಾವೇ ಮಾಡಿಕೊಳ್ಳುವ ಮೋಸ. 80ಕ್ಕೆ ಸರಿಹೊಂದಿಸಿದ ಮುಳ್ಳು 20ರಲ್ಲಿ ಸುಳ್ಳು ಹೇಳುತ್ತದೆ, ಓಡೋಮೀಟರ್ ಅಂತೂ ಬದಲಾಗುವುದೇ ಇಲ್ಲ. ಕೇಬಲ್ ತಿರುಗಿಸುವ ಗೇರಿನ ಅನುಪಾತ ಬದಲಿಸಬೇಕು, ಇಲ್ಲವೇ ಮೂಲ ಅಳತೆಯ ಟೈರ್ ಹಾಕಬೇಕು. ನಾನು ಮೂರು ವಾರ ಕಾದು 145/70 ತರಿಸಿದೆ. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಆ ವರ್ಷದ 4,200 ಕಿ.ಮೀ. ಪಕ್ಕ 4,440 ಎಂದು ಬರೆದಿಟ್ಟಿದ್ದೇನೆ.