ತಡವಾದರೆ ಶುಲ್ಕ ವಾಪಸು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎನ್ನುತ್ತದೆ ಗಾದೆ. ಮನೆ ಕಟ್ಟಿಸುವವರ ಕಷ್ಟ ಪಾಯ ತೋಡುವುದಕ್ಕೂ ಮೊದಲೇ, ಅರ್ಜಿ ಹಾಕಿದ ದಿನವೇ ಶುರುವಾಗುತ್ತದೆ. ನಕ್ಷೆ ಬರೆಸಬೇಕು, ಶುಲ್ಕ ಕಟ್ಟಬೇಕು, ರಸೀದಿ ಹಿಡಿದು ಕಾಯಬೇಕು. ಎಷ್ಟು ದಿನ ಕಾಯಬೇಕು? ಕಚೇರಿ ತಡ ಮಾಡಿದರೆ ಕಟ್ಟಿದ ಹಣ ವಾಪಸು ಬರಬೇಡವೇ? ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ಕಾನೂನೇ ಉತ್ತರ ಕೊಟ್ಟಿದೆ. ಆ ಉತ್ತರದಲ್ಲಿ ಗಟ್ಟಿಯೂ ಇದೆ, ಜೊಳ್ಳೂ ಇದೆ.

ಶುಲ್ಕಕ್ಕೂ ತೆರಿಗೆಗೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ನಮ್ಮ ಸುಪ್ರೀಂ ಕೋರ್ಟು 1954ರಲ್ಲಿ ಇದನ್ನು ವಿವರಿಸಿದ್ದು ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಉಡುಪಿ ಆಗ ಮದರಾಸು ರಾಜ್ಯದಲ್ಲಿತ್ತು. ಧಾರ್ಮಿಕ ದತ್ತಿ ಕಾನೂನಿನಂತೆ ಮಠದಿಂದ ಕೇಳಿದ್ದ ವಂತಿಗೆ ಶುಲ್ಕವೋ ತೆರಿಗೆಯೋ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು. ತೆರಿಗೆ ಎಲ್ಲರ ಸಾಮಾನ್ಯ ಹೊರೆ, ಅದಕ್ಕೆ ಪ್ರತಿಯಾಗಿ ಇಂಥದ್ದೇ ಬೇಕೆಂದು ಕೇಳುವಂತಿಲ್ಲ. ಶುಲ್ಕವಾದರೋ ಒಂದು ನಿರ್ದಿಷ್ಟ ಸೇವೆಗಾಗಿ ಕೊಡುವ ಹಣ. ಇದು ಅಂದಿನ ತೀರ್ಪಿನ ಸಾರ. ಹಾಗಿದ್ದರೆ ಸೇವೆ ಹೊತ್ತಿಗೆ ಸಿಗದಿದ್ದಾಗ ಹಣ ಯಾರದು?

ಇಂಗ್ಲೆಂಡಿನಲ್ಲಿ ಕಟ್ಟಡ ಕಟ್ಟಲು ಸ್ಥಳೀಯ ಕೌನ್ಸಿಲಿನ ಯೋಜನಾ ಅನುಮತಿ ಬೇಕು. ಈಗಿನ ಪದ್ಧತಿಗೆ ಬುನಾದಿ 1947ರ ಕಾಯಿದೆ. ಸಾಮಾನ್ಯ ಅರ್ಜಿಗೆ 8 ವಾರದಲ್ಲಿ, ಹತ್ತು ಅಥವಾ ಹೆಚ್ಚು ಮನೆಗಳಂಥ ದೊಡ್ಡ ಯೋಜನೆಗೆ 13 ವಾರದಲ್ಲಿ ತೀರ್ಮಾನ ಆಗಬೇಕೆಂಬುದು ನಿಯಮ. ಆದರೂ ಕಡತಗಳು ಕೂತಲ್ಲೇ ಕೂರುತ್ತಿದ್ದವು. ಅದಕ್ಕೆಂದು 2013ರ ಅಕ್ಟೋಬರಿನಲ್ಲಿ ಹೊಸ ನಿಯಮ ಬಂತು: 26 ವಾರದೊಳಗೆ ತೀರ್ಮಾನವಾಗದಿದ್ದರೆ ಶುಲ್ಕವನ್ನು ಪೂರ್ತಿ ಹಿಂತಿರುಗಿಸಬೇಕು. 2023ರ ಡಿಸೆಂಬರಿನಲ್ಲಿ ಸಣ್ಣ ಅರ್ಜಿಗಳ ಮಟ್ಟಿಗೆ ಈ ಗಡುವನ್ನು 16 ವಾರಕ್ಕೆ ಇಳಿಸಿದರು. ಹಣವೂ ಚಿಲ್ಲರೆಯಲ್ಲ. ಒಂದು ಮನೆಯ ವಿಸ್ತರಣೆಯ ಅರ್ಜಿಗೆ 258 ಪೌಂಡ್ ಇದ್ದದ್ದು 2025ರ ಏಪ್ರಿಲ್ 1ರಿಂದ 528 ಪೌಂಡ್ ಆಯಿತು.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಎಲ್ಲ ಕಾಗದಪತ್ರಗಳೂ ಸರಿಯಾಗಿರುವ ಸಣ್ಣ ಅರ್ಜಿಯೊಂದು 2026ರ ಜನವರಿ 5ರಂದು ಕೌನ್ಸಿಲಿಗೆ ತಲುಪಿತು ಎನ್ನಿ. 8 ವಾರ, ಅಂದರೆ 56 ದಿನ ಮಾರ್ಚ್ 2ಕ್ಕೆ ತುಂಬುತ್ತದೆ. 16 ವಾರ, 112 ದಿನ ಏಪ್ರಿಲ್ 27ಕ್ಕೆ. ಅದು ದಾಟಿದರೆ ಶುಲ್ಕ ವಾಪಸು. ಕಾಗದ ಕೊರತೆಯಿದ್ದರೆ ಮಾತ್ರ ಈ ಎಣಿಕೆ ಶುರುವಾಗುವುದೇ ಇಲ್ಲ.

ಹಣ ಮರಳಿತೆಂದರೆ ಅನುಮತಿ ಸಿಕ್ಕಿತೆಂದು ಅರ್ಥವಲ್ಲ. ಅರ್ಜಿ ಇನ್ನೂ ಜೀವಂತವಾಗಿರುತ್ತದೆ, ತೀರ್ಮಾನ ಆಮೇಲೆ ಬರುತ್ತದೆ. ಹಾಗೆಯೇ, ಗಡುವಿನೊಳಗೆ ‘ಇಲ್ಲ’ ಎಂದು ಉತ್ತರ ಬಂದರೆ ಶುಲ್ಕ ಮರಳುವುದಿಲ್ಲ. ಕೊಟ್ಟ ಹಣ ಒಪ್ಪಿಗೆಯ ಬೆಲೆಯಲ್ಲ, ಪರಿಶೀಲನೆಯ ಬೆಲೆ. ಪರೀಕ್ಷಾ ಶುಲ್ಕ ಕಟ್ಟಿದ ಮಾತ್ರಕ್ಕೆ ಪಾಸು ಮಾಡಿ ಎಂದು ಯಾರೂ ಕೇಳುವುದಿಲ್ಲವಷ್ಟೆ!

ಜೊಳ್ಳು ಇರುವುದು ಇನ್ನೊಂದು ಕಡೆ. ಅರ್ಜಿದಾರ ಬರವಣಿಗೆಯಲ್ಲಿ ಒಪ್ಪಿದರೆ ಗಡುವನ್ನು ಮುಂದೂಡಬಹುದು; ಆಗ ಮರುಪಾವತಿಯ ಹಕ್ಕು ಹೋಗುತ್ತದೆ. ವಾಯಿದೆ ಹತ್ತಿರವಾದಾಗ ‘ಇನ್ನಷ್ಟು ಕಾಲ ಬೇಕು, ಒಪ್ಪಿಗೆಯೇ?’ ಎಂದು ಕಚೇರಿಯಿಂದ ಪತ್ರ ಬಂದರೆ ಏನು ಮಾಡಬೇಕು? ಒಲ್ಲೆ ಎಂದರೆ ಇದ್ದ ಸ್ಥಿತಿಯಲ್ಲೇ ಅರ್ಜಿ ತಿರಸ್ಕಾರವಾದೀತೆಂಬ ಭಯ. ಹೂಂ ಎಂದರೆ ಹಣದ ಆಸೆ ಬಿಟ್ಟಂತೆ. ಮನೆ ಬೇಕಾದವನಿಗೆ ಹಣಕ್ಕಿಂತ ಅನುಮತಿಯೇ ದೊಡ್ಡದು. ಅವನು ಸಹಿ ಹಾಕುತ್ತಾನೆ. ಕಚೇರಿಯ ಪರವಾಗಿಯೂ ಒಂದು ಮಾತಿದೆ. ನಕ್ಷೆ ತಿದ್ದಲು, ನೆರೆಯವರ ತಕರಾರು ಕೇಳಲು ಕೆಲವೊಮ್ಮೆ ನಿಜವಾಗಿಯೂ ಕಾಲ ಬೇಕು. ಶುಲ್ಕ ಹಿಂತಿರುಗಿಸಿದರೆ ಆ ನಷ್ಟ ಕೌನ್ಸಿಲಿನ ಬೊಕ್ಕಸಕ್ಕೇ. ಬೊಕ್ಕಸ ಬರಿದಾದರೆ ಸಿಬ್ಬಂದಿ ಕಡಿಮೆ, ಸಿಬ್ಬಂದಿ ಕಡಿಮೆಯಾದರೆ ತಡ ಇನ್ನಷ್ಟು.

ಕರ್ನಾಟಕ ಹಿಡಿದದ್ದು ಬೇರೆ ದಾರಿ. 2011ರ ಕಾಯಿದೆಯಂತೆ 2012ರಲ್ಲಿ ಆರಂಭವಾದ ‘ಸಕಾಲ’ದಲ್ಲಿ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಎಂದು ಗೊತ್ತುಮಾಡಲಾಯಿತು. ಅದನ್ನು ತಪ್ಪಿತಸ್ಥ ನೌಕರನ ಸಂಬಳದಿಂದ ವಸೂಲು ಮಾಡಲು ಅವಕಾಶವಿದೆ. ಅಲ್ಲಿ ಸಂಸ್ಥೆಯ ಜೇಬಿಗೆ ಬಿಸಿ, ಇಲ್ಲಿ ವ್ಯಕ್ತಿಯ ಜೇಬಿಗೆ. 500 ರೂಪಾಯಿ ದೊಡ್ಡ ಮೊತ್ತವಲ್ಲ ನಿಜ. ಆದರೆ ಕಾಯುವವನ ದಿನಗಳಿಗೂ ಬೆಲೆಯಿದೆಯೆಂದು ಸರ್ಕಾರ ಕಾನೂನಿನಲ್ಲಿ ಬರೆದುಕೊಟ್ಟಿತಲ್ಲ, ಅದು ಸಣ್ಣದಲ್ಲ.

ಮನೆ ಕಟ್ಟಿಸುವ ಕಾಲ ವಿದ್ಯಾರ್ಥಿಗಳಿಗೆ ದೂರವಿರಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಕಾಲ ಮಾತ್ರ ಪ್ರತಿ ಪ್ರವೇಶದ ಹೊತ್ತಿಗೆ ಬರುತ್ತದೆ. ಅದೂ ಸಕಾಲದ ಸೇವೆಯೇ. ತಂದೆತಾಯಿಯರು ಅರ್ಜಿ ಕೊಡಲು ಹೋಗುವಾಗ ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ. ಸ್ವೀಕೃತಿ ಪತ್ರ ಕೇಳಿ ಪಡೆಯುವುದು, ಅದರ ಮೇಲಿನ ಸಂಖ್ಯೆ ಮತ್ತು ವಾಯಿದೆಯ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು, ದಿನ ದಾಟಿದರೆ ಮೇಲ್ಮನವಿ ಸಲ್ಲಿಸುವುದು, ಯಾವ ಕಾಗದಕ್ಕೂ ಓದದೆ ಸಹಿ ಹಾಕದಿರುವುದು: ಇಷ್ಟನ್ನು ಹೈಸ್ಕೂಲು ಹುಡುಗ ಹುಡುಗಿಯರು ಮನೆಮಂದಿಗಾಗಿ ಈಗಲೇ ಮಾಡಬಲ್ಲರು.