ನಡೆಯದ ಕುಸ್ತಿಯಲ್ಲಿ ಗೆದ್ದವರು ಯಾರು?

(ಅಂತಿಮ ಬಿ.ಎ. ವಿದ್ಯಾರ್ಥಿ)

ನಮ್ಮ ವಿದ್ಯಾರ್ಥಿನಿಲಯದ ಜಗಲಿಯಲ್ಲಿ ರಾತ್ರಿ ಊಟವಾದ ಮೇಲೆ ನಾಲ್ಕು ತಾಲ್ಲೂಕುಗಳು ಒಂದೆಡೆ ಸೇರುತ್ತವೆ. ಶ್ರೀರಂಗಪಟ್ಟಣದವನೊಬ್ಬ, ಪಾಂಡವಪುರದವನೊಬ್ಬ, ನಾಗಮಂಗಲದವನೊಬ್ಬ. ಕೃಷ್ಣರಾಜಪೇಟೆಯ ಕಡೆಯವನು ನಾನು. ತಿಂದ ಮುದ್ದೆ ಕರಗುವವರೆಗೆ ಮಾತು ನಡೆಯಬೇಕಾದುದು ನಮ್ಮ ಸೀಮೆಯ ಸಂಪ್ರದಾಯ. ಈ ವರ್ಷ ಒಂದು ರಾತ್ರಿ ಗೆಳೆಯನ ಫೋನಿನಲ್ಲಿ ಮಹಮ್ಮದ್ ಆಲಿಯ ಹಳೆಯ ಮುಷ್ಟಿಯುದ್ಧವೊಂದನ್ನು ನೋಡಿದೆವು. ನೋಡಿ ಸುಮ್ಮನೆ ಮಲಗಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ಯಾರೋ ಒಬ್ಬ, “ಈ ಆಲಿಯೂ ಮೈಕ್ ಟೈಸನ್ನನೂ ತಮ್ಮ ತಮ್ಮ ತುಂಬುಪ್ರಾಯದಲ್ಲಿ ಎದುರಾಗಿದ್ದರೆ?” ಎಂದುಬಿಟ್ಟ. ಅಂದಿನಿಂದ ನಮಗೆ ನಿದ್ದೆಯಿಲ್ಲ, ಪಕ್ಕದ ಕೋಣೆಯವರಿಗೂ ಇಲ್ಲ.

ಆಲಿ 1964ರಲ್ಲಿ ಜಗಜಟ್ಟಿಯಾದವನು. ಟೈಸನ್ 1986ರಲ್ಲಿ, ನಮ್ಮದೇ ವಯಸ್ಸಿನಲ್ಲಿ, ಎಂದರೆ ಇಪ್ಪತ್ತಕ್ಕೆ ಆ ಪಟ್ಟ ಏರಿದವನು. ಇವರಿಬ್ಬರ ಜಗಳ ತೀರುವ ಮೊದಲೇ ನಮ್ಮವರೂ ಕಣಕ್ಕೆ ಇಳಿದರು. ಶ್ರೀರಂಗಪಟ್ಟಣದವನು, 1638ರಿಂದ 1659ರವರೆಗೆ ತನ್ನೂರಿನಿಂದ ನಾಡನ್ನಾಳಿದ ರಣಧೀರ ಕಂಠೀರವ ನರಸರಾಜ ಒಡೆಯರನ್ನು ಕರೆತಂದ. ತಿರುಚಿನಾಪಳ್ಳಿಯ ಊರಬಾಗಿಲಿಗೆ ತನ್ನ ಚಲ್ಲಣವನ್ನು ತೂಗುಹಾಕಿಸಿ, ಬಂದವರೆಲ್ಲ ಅದರ ಕೆಳಗೆ ನುಸುಳುವಂತೆ ಮಾಡಿದ್ದ ಜಟ್ಟಿಯನ್ನು, ಒಡೆಯರು ವೇಷ ಮರೆಸಿಕೊಂಡು ಹೋಗಿ ಮುಗಿಸಿದರೆಂಬ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು? 1960ರಲ್ಲಿ ರಾಜ್‌ಕುಮಾರ್ ಅವರು ಆ ಪಾತ್ರ ವಹಿಸಿದ ಚಲನಚಿತ್ರವೂ ಬಂದಿತು. “ಗಾಮನನ್ನು ತನ್ನಿ, ನಮ್ಮ ಒಡೆಯರ ಮುಂದೆ ನಿಲ್ಲಿಸಿ” ಎಂದು ಅವನ ಸವಾಲು. ಪಾಂಡವಪುರದವನು ಇನ್ನೂ ಹಿಂದಕ್ಕೆ ಹೋದ. ಪಾಂಡವರು ತಂಗಿದ್ದರೆಂದು ಜನ ನಂಬುವ ಕುಂತಿಬೆಟ್ಟ ಅವನ ಊರಿನ ಬೆಟ್ಟ; ಆದುದರಿಂದ ಭೀಮಸೇನ ಅವನ ಊರಿನವನೇ ಆದಂತಾಯಿತು! ನಾಗಮಂಗಲದವನೂ ನಾನೂ ಇವರಷ್ಟು ದೂರ ಹೋಗಲಿಲ್ಲ. ನಮ್ಮಿಬ್ಬರ ಜೋಡಿಯ ಮಾತನ್ನು ಮುಂದೆ ಹೇಳುತ್ತೇನೆ.

ಇದನ್ನು ಕೇಳಿದ ಅಧ್ಯಾಪಕರೊಬ್ಬರು, “ಇದು ಬರಿಯ ಕಾಡುಹರಟೆ. ನಡೆಯದುದರ ವಿಚಾರಕ್ಕೆ ಪ್ರಮಾಣವೆಲ್ಲಿ?” ಎಂದು ನಕ್ಕರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಅವರ ಅಪ್ಪಣೆ ಪಡೆದು ಇಲ್ಲಿ ಬರೆಯುತ್ತೇನೆ.

ಮೊದಲು ಅವರ ಪಕ್ಷ. ಈ ಜಗಳವನ್ನು ತೀರಿಸಲು ಅಮೆರಿಕದವರು ಗಣಕಯಂತ್ರವನ್ನೇ ಹೂಡಿದರು. ಮರಿ ವೊರೋನರ್ ಎಂಬ ರೇಡಿಯೋ ನಿರ್ಮಾಪಕ 1967ರಲ್ಲಿ ಹಳೆಯ ಹೊಸ ಜಗಜಟ್ಟಿಗಳ ಗುಣಾವಗುಣಗಳನ್ನೆಲ್ಲ ಯಂತ್ರಕ್ಕೆ ಊಡಿ, ಅದು ಹೇಳಿದ ಫಲಿತಾಂಶವನ್ನು ಪಂದ್ಯದ ವರದಿಯಂತೆ ಬಿತ್ತರಿಸಿದ. ಯಂತ್ರವು ಆಲಿಯನ್ನು ಜಿಮ್ ಜೆಫ್ರೀಸನ ಕೈಯಲ್ಲಿ ಸೋಲಿಸಿತು. ಆಲಿ ಕೋಪಗೊಂಡು ಹತ್ತು ಲಕ್ಷ ಡಾಲರಿನ ದಾವಾ ಹೂಡಿದ. ಕಡೆಗೆ ರಾಜಿಯಾಗಿ, 1969ರಲ್ಲಿ ಆಲಿಯೂ ರಾಕಿ ಮಾರ್ಸಿಯಾನೋವೂ ಚಿತ್ರಕ್ಕಾಗಿ ಕೈಮಾಡಿದರು. ಮಾರ್ಸಿಯಾನೋ 49 ಪಂದ್ಯಗಳನ್ನಾಡಿ ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತನಾಗಿದ್ದವನು. ಚಿತ್ರ ತೆಗೆಯುವಾಗ ಅವನಿಗೆ 45 ವರ್ಷ, ತಲೆಗೆ ಕಟ್ಟುಗೂದಲು. ಆಲಿಗೆ 27. ಆ ಚಿತ್ರ ತೆರೆಗೆ ಬರುವ ಮೊದಲೇ, 1969ರ ಆಗಸ್ಟ್ 31ರಂದು, ಮಾರ್ಸಿಯಾನೋ ವಿಮಾನಾಪಘಾತದಲ್ಲಿ ತೀರಿಕೊಂಡ. 1970ರ ಜನವರಿಯಲ್ಲಿ ಅಮೆರಿಕದವರು ನೋಡಿದ ಚಿತ್ರದಲ್ಲಿ ಅವನು 13ನೆಯ ಸುತ್ತಿನಲ್ಲಿ ಆಲಿಯನ್ನು ಕೆಡವಿದ. ಯೂರೋಪಿನವರಿಗೆ ತೋರಿಸಿದ ಪ್ರತಿಯಲ್ಲಿ ಆಲಿ ಗೆದ್ದಿದ್ದ! ಒಂದೇ ಕಾಳಗ, ನೋಡುವವರ ಮುಖ ನೋಡಿ ಎರಡು ಫಲ. ನಮ್ಮ ಜಗಲಿಯ ತೀರ್ಪುಗಳು ಇದಕ್ಕಿಂತ ಹೆಚ್ಚು ಅನ್ಯಾಯವಾದುವಲ್ಲವೆಂದು ಅಧ್ಯಾಪಕರು ಒಪ್ಪಬೇಕು.

“ಹಾಗಾದರೆ ನಿಜವಾಗಿ ಎದುರಾದವರನ್ನೇ ತೆಗೆದುಕೊಳ್ಳೋಣ” ಎನ್ನಬಹುದು. ತೆಗೆದುಕೊಳ್ಳೋಣ. ಮಾರ್ಸಿಯಾನೋವೂ ಜೋ ಲೂಯಿಸನೂ 1951ರ ಅಕ್ಟೋಬರ್ 26ರಂದು ನಿಜವಾಗಿಯೇ ಎದುರಾದರು. ಎಂಟನೆಯ ಸುತ್ತಿನಲ್ಲಿ ಲೂಯಿಸ್ ಬಿದ್ದ. ಆದರೆ ಲೂಯಿಸನಿಗೆ ಆಗ 37, ಮಾರ್ಸಿಯಾನೋವಿಗೆ 28. 1937ರಿಂದ 1949ರವರೆಗೆ 25 ಬಾರಿ ಪಟ್ಟವನ್ನು ಉಳಿಸಿಕೊಂಡಿದ್ದ ಲೂಯಿಸನೇ ಅಂದು ಬಿದ್ದವನೆನ್ನಲು ಯಾರಿಗೆ ಮನಸ್ಸು ಬರುತ್ತದೆ? ಪಂದ್ಯ ನಡೆಯಿತು; ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇದೆ.

ನಿಯಮದ ಮಾತು ಬೇರೆ. 1952ರ ಸೆಪ್ಟೆಂಬರಿನಲ್ಲಿ ಮಾರ್ಸಿಯಾನೋ ಜಗಜಟ್ಟಿಯಾದುದು ಜರ್ಸಿ ಜೋ ವಾಲ್ಕಾಟನನ್ನು 13ನೆಯ ಸುತ್ತಿನಲ್ಲಿ ಕೆಡವಿ. ಅಲ್ಲಿಯವರೆಗೆ ಮೂವರು ತೀರ್ಪುಗಾರರ ಲೆಕ್ಕದಲ್ಲಿಯೂ ಅವನು ಹಿಂದೆ ಬಿದ್ದಿದ್ದ. ಅಂದು 15 ಸುತ್ತುಗಳ ಕಟ್ಟಳೆ ಇತ್ತು. 1982ರಲ್ಲಿ ಕೊರಿಯದ ಮಲ್ಲನೊಬ್ಬ ಕಣದಲ್ಲಿ ಪೆಟ್ಟುತಿಂದು ಮಡಿದ ಮೇಲೆ ಅದು ಕ್ರಮೇಣ 12ಕ್ಕೆ ಇಳಿಯಿತು. ಇಂದಿನ ಕಟ್ಟಳೆಯಲ್ಲಿ ಆ ಪಂದ್ಯ ನಡೆದಿದ್ದರೆ ಮಾರ್ಸಿಯಾನೋ ಸೋತು ಮನೆಗೆ ಹೋಗುತ್ತಿದ್ದ. ಸೋಲರಿಯದವನೆಂಬ ಕೀರ್ತಿ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮಲ್ಲಿಯೂ ಹಾಗೆಯೇ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಒಬ್ಬ ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ನಾಡಕುಸ್ತಿಯಲ್ಲಿ ಬೆನ್ನು ಮಟ್ಟಿಗೆ ತಾಕಿ ಚಿತ್ತಾಗುವವರೆಗೆ ಮುಗಿಯದು. ಆ ಜಟ್ಟಿಗೂ ಈ ಪೈಲ್ವಾನನಿಗೂ ಜೋಡಿ ಕಟ್ಟುವುದಾದರೆ ಯಾರ ಕಟ್ಟಳೆಯಲ್ಲಿ ಕಟ್ಟೋಣ?

ಗಾಮನ ಕಥೆ ಇನ್ನೂ ವಿಚಿತ್ರ. 1910ರಲ್ಲಿ ಲಂಡನ್ನಿಗೆ ಹೋದ ಈ ಪೈಲ್ವಾನನ ಎದುರು ಪೋಲೆಂಡಿನ ಜ್ಬಿಸ್ಕೋ ಎರಡೂವರೆ ಗಂಟೆಗೂ ಮೇಲ್ಪಟ್ಟು ಕವುಚಿ ಬಿದ್ದುಕೊಂಡೇ ಕಾಲ ಕಳೆದು ಪಂದ್ಯವನ್ನು ಸಮ ಮಾಡಿಕೊಂಡ. ವಾರ ಕಳೆದು ಮತ್ತೆ ಬರಬೇಕಾದವನು ಬರಲೇ ಇಲ್ಲ. ಅದೇ ಇಬ್ಬರು 1928ರಲ್ಲಿ ಪಟಿಯಾಲಾದಲ್ಲಿ ಎದುರಾದಾಗ ಗಾಮ ಒಂದು ನಿಮಿಷದೊಳಗೆ ಅವನನ್ನು ಚಿತ್ ಮಾಡಿದ. ಆಗ ಇಬ್ಬರೂ ಐವತ್ತರ ಅಂಚಿನವರು. ತುಂಬುಪ್ರಾಯದಲ್ಲಿ ತೀರದ ಜೋಡಿ, ತಲೆ ನರೆಯುವ ಕಾಲದಲ್ಲಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತೀರಿತು. ಗಾಮ ಸವಾಲು ಹಾಕಿದ್ದ ಅಮೆರಿಕದ ಫ್ರಾಂಕ್ ಗಾಚ್ ಮಾತ್ರ ಅವನ ಕೈಗೆ ಸಿಗದೆ 1917ರಲ್ಲಿ ತೀರಿಕೊಂಡ. ಆ ಜೋಡಿಯನ್ನು ಇಂದಿಗೂ ಜಗತ್ತು ಜಗಲಿಯ ಮೇಲೆಯೇ ಆಡಿಸುತ್ತಿದೆ.

ಇಷ್ಟನ್ನು ಓದಿದವರಿಗೆ ನಾನು ಅಧ್ಯಾಪಕರ ಪಕ್ಷವನ್ನೇ ಹಿಡಿದೆನೆಂದು ತೋರಬಹುದು. ಈಗ ನಮ್ಮ ಮನೆಯ ಮಾತು.

ನಮ್ಮ ತಾತ ಪೈಲ್ವಾನರು. ನಮ್ಮೂರ ಗರಡಿಯಲ್ಲಿ ದಂಡ ಹೊಡೆದು, ಬಸ್ಕಿ ತೆಗೆದು, ಮಟ್ಟಿಯಲ್ಲಿ ಹೊರಳಿ ಬೆಳೆದವರು. 1970ರ ಸುಮಾರಿನಲ್ಲಿ, ಎಂದರೆ ಅಮೆರಿಕದವರು ಆ ಚಿತ್ರ ನೋಡುತ್ತಿದ್ದ ಕಾಲಕ್ಕೆ, ನಾಗಮಂಗಲದ ಕಡೆಯ ಒಬ್ಬ ಪೈಲ್ವಾನರಿಗೂ ಅವರಿಗೂ ಜಾತ್ರೆಯೊಂದಕ್ಕೆ ಜೋಡಿ ಕಟ್ಟಿದರು. ಒಂದು ವರ್ಷ ಮೊದಲೇ ಕಟ್ಟಿದ ಜೋಡಿ. ಎರಡು ಊರಿನವರೂ ಆಡಿನ ಹಾಲು, ತುಪ್ಪ, ಬಾದಾಮಿ ಹೊಂಚಿ ತಮ್ಮ ತಮ್ಮವರನ್ನು ಸಾಕಿದರು. ಜಾತ್ರೆಗೆ ಮೂರು ದಿನ ಇರುವಾಗ ಆ ಪೈಲ್ವಾನರ ತಂದೆ ತೀರಿಕೊಂಡರು. ಸೂತಕದಲ್ಲಿ ಕುಸ್ತಿಯೆಲ್ಲಿಯದು? ಮರುವರ್ಷಕ್ಕೆ ನಮ್ಮ ತಾತನಿಗೆ ಹೊಲದ ನೊಗ ಹೆಗಲಿಗೆ ಬಂದಿತ್ತು. ಆ ಜೋಡಿ ಮತ್ತೆ ಕೂಡಲಿಲ್ಲ.

ಆದರೆ ಆ ಕುಸ್ತಿ ನಿಂತಿಲ್ಲ. ನಮ್ಮೂರಿನಲ್ಲಿ ತಾತ ಐದು ನಿಮಿಷಕ್ಕೆ ಗೆಲ್ಲುತ್ತಾರೆ. ಆ ಊರಿನಲ್ಲಿ ಅವರು ಮೂರೇ ನಿಮಿಷಕ್ಕೆ ಗೆಲ್ಲುತ್ತಾರೆ. ಎರಡೂ ಊರಿಗೆ ಹೆಣ್ಣು ಕೊಟ್ಟು ತರುವ ಸಂಬಂಧವಿರುವುದರಿಂದ ಮದುವೆಯ ಪಂಕ್ತಿಯಲ್ಲಿ ಈ ಮಾತು ಏಳದೆ ಪಾಯಸ ಬರುವುದಿಲ್ಲ. ನಾಗಮಂಗಲದ ನನ್ನ ಗೆಳೆಯನು ಆ ಊರಿನವನೇ. ಮೂರು ವರ್ಷದ ಬಿ.ಎ. ಪೂರ್ತಿ ನಾವಿಬ್ಬರೂ ಈ ಕುಸ್ತಿಯನ್ನು ಹಿಡಿದಿದ್ದೇವೆ.

ಕಳೆದ ವರ್ಷ ನಮ್ಮ ತಾತ ತೀರಿಕೊಂಡರು. ಅದಾದ ಕೆಲವು ತಿಂಗಳಿಗೆ ಗೆಳೆಯನ ಊರಿಗೆ ಹೋಗಿದ್ದಾಗ ಆ ಹಳೆಯ ಪೈಲ್ವಾನರನ್ನು ಕಂಡೆ. ಎಂಬತ್ತು ದಾಟಿದೆ, ಕಿವಿ ಮಾತ್ರ ಹಿಂದಿನ ಪೈಲ್ವಾನರ ಮುದುಡಿದ ಕಿವಿಯೇ. ಇಂಥವರ ಮೊಮ್ಮಗನೆಂದು ತಿಳಿದಾಗ ಪಕ್ಕದಲ್ಲಿ ಕೂರಿಸಿಕೊಂಡರು. “ನೀವಿಬ್ಬರೂ ಇಳಿದಿದ್ದರೆ ಯಾರು ಗೆಲ್ಲುತ್ತಿದ್ದಿರಿ ತಾತ?” ಎಂದು ಕೇಳಿಯೇಬಿಟ್ಟೆ. ಗೆಳೆಯನೂ ಉಸಿರು ಹಿಡಿದು ನಿಂತಿದ್ದ. ಅವರು ಬಹಳ ಹೊತ್ತು ಸುಮ್ಮನಿದ್ದು, “ಅದ್ಯಾವನ್ಗೊತ್ತು ಮಗ? ನಿಮ್ ತಾತ ಎದ್ರುಗ್ ಬತ್ತವ್ನೆ ಅಂತ ಆ ಒಂದ್ ವರ್ಸ ಮಾಡಿದ್ನಲ್ಲ ಸಾಮು, ಅದ್ಕೆ ಮುಂಚೇನೂ ಮಾಡಿರ್ನಿಲ್ಲ, ಆಮೇಕೂ ಮಾಡ್ನಿಲ್ಲ. ನನ್ ಮೈ ಮೈಯಾಗಿದ್ದದ್ದು ಆ ವರ್ಸ್ವೇಯ” ಎಂದರು. ಆಮೇಲೆ ನಮ್ಮ ತಾತ ಕಡೆಯ ದಿನಗಳಲ್ಲಿ ನರಳಿದರೇ ಎಂದು ಕೇಳಿದರು. ಇಲ್ಲವೆಂದೆ. ಒಳಗೆ ಹೋಗಿ ಸೊಸೆಗೆ ಹೇಳಿ ನನಗೆ ಹಾಲು ತರಿಸಿದರು.

ಆ ಮಾತನ್ನು ಕೇಳಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ನಾವು ಒಬ್ಬ ಜಟ್ಟಿಯ ತುಂಬುಪ್ರಾಯವನ್ನು ಅವನ ಪೆಟ್ಟಿಗೆಯೊಳಗಿನ ಒಡವೆಯೆಂದು ಎಣಿಸುತ್ತೇವೆ. ಬೇಕಾದ ಕಾಲಕ್ಕೆ ಎತ್ತಿಕೊಂಡು ಹೋಗಿ ಬೇಕಾದವನೆದುರು ಇಡಬಹುದೆಂದು ತಿಳಿಯುತ್ತೇವೆ. ಅದು ಹಾಗಲ್ಲ. ಆ ಕಸುವನ್ನು ಅರ್ಧ ಅವನ ಮೈ ಕೊಟ್ಟರೆ ಅರ್ಧ ಅವನ ಎದುರಾಳಿ ಕೊಡುತ್ತಾನೆ. ಜೋ ಫ್ರೇಜಿಯರ್ 1971, 1974, 1975ರಲ್ಲಿ ಮೂರು ಬಾರಿ ಎದುರಿಗೆ ನಿಲ್ಲದಿದ್ದರೆ ನಾವು ಫೋನಿನಲ್ಲಿ ಕಂಡು ಬೆರಗಾದ ಆಲಿ ಎಲ್ಲಿರುತ್ತಿದ್ದ? ಆದುದರಿಂದ ಒಬ್ಬನನ್ನು ಅವನ ಕಾಲದಿಂದ ಕಿತ್ತು ತಂದರೆ ಅವನ ಅರ್ಧವನ್ನು ಅಲ್ಲಿಯೇ ಬಿಟ್ಟುಬಂದಂತೆ. ಇಂಥ ವಾದದಲ್ಲಿ ಕೇಳಬೇಕಾದ ಪ್ರಶ್ನೆ, “ಯಾರು ಗೆಲ್ಲುತ್ತಿದ್ದರು?” ಎಂಬುದಲ್ಲ. “ತನ್ನ ಕಾಲದಲ್ಲಿ ಇದ್ದವರನ್ನೆಲ್ಲ ಎದುರಿಸಿದನೇ? ಯಾರಿಂದಲಾದರೂ ತಪ್ಪಿಸಿಕೊಂಡನೇ?” ಎಂಬುದು. ಇದಕ್ಕೆ ಪ್ರಮಾಣ ಸಿಗುತ್ತದೆ, ಅಧ್ಯಾಪಕರೂ ಒಪ್ಪಿಯಾರು. ಈ ಪ್ರಶ್ನೆ ಹಿಡಿದು ಕುಳಿತರೆ ಹರಟೆಯೇ ಇತಿಹಾಸದ ಪಾಠವಾಗುತ್ತದೆ.

ಇದರಲ್ಲಿ ನನಗೊಂದು ಸ್ವಂತದ ನೋವೂ ಇದೆ. ನಮ್ಮ ತಂದೆ ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಲೆಕ್ಕದಲ್ಲಿ ತರಗತಿಗೆ ಮೊದಲಿಗರಂತೆ. “ನಿಮ್ಮಪ್ಪ ಓದಿದ್ದರೆ ಡಿ.ಸಿ. ಆಗುತ್ತಿದ್ದ” ಎಂದು ಊರವರು ಇಂದಿಗೂ ಹೇಳುತ್ತಾರೆ. ಅಪ್ಪ ನಗುತ್ತಾರೆ. “ಮಟ್ಟಿಗೇ ಇಳೀದೋನು ಗೆದ್ದೋನೂ ಅಲ್ಲ, ಸೋತೋನೂ ಅಲ್ಲ ಕನ್ಲಾ” ಎನ್ನುತ್ತಾರೆ. ಊರವರ ಮಾತು ಪ್ರೀತಿಯದೇ. ಆದರೆ ಆಗದ ಡಿ.ಸಿ.ಯನ್ನು ಹೊಗಳುವ ಭರದಲ್ಲಿ, ಎರಡೆಕರೆ ನೆಲದಲ್ಲಿ ಬರಗಾಲಗಳನ್ನು ಒಂದೊಂದಾಗಿ ಎದುರಿಸಿ, ಯಾವುದರಿಂದಲೂ ತಪ್ಪಿಸಿಕೊಳ್ಳದೆ ನನ್ನನ್ನು ಈ ಕಾಲೇಜಿಗೆ ಕಳುಹಿಸಿದ ರೈತನನ್ನು ಅವರು ಮರೆಯುತ್ತಾರೆ. ಅವರು ನಿಜವಾಗಿ ಆಡಿದ ಪಂದ್ಯ ಅದು. ಅದರ ಲೆಕ್ಕ ಯಾರು ಇಟ್ಟರು?

ಲೆಕ್ಕದ ಮಾತು ಬಂದುದರಿಂದ ಒಂದು ಸಲಹೆಯೊಡನೆ ಮುಗಿಸುತ್ತೇನೆ. ಮಾರ್ಸಿಯಾನೋವಿನ 49 ಪಂದ್ಯಗಳ ತಾರೀಖು, ಸ್ಥಳ, ಸುತ್ತು ಎಲ್ಲವೂ ಬರಹದಲ್ಲಿ ಇವೆ. ನಮ್ಮ ತಾತ ಎಷ್ಟು ಕುಸ್ತಿ ಹಿಡಿದರೆಂಬುದು ಅವರೊಡನೆಯೇ ಹೋಯಿತು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಮುದುಡಿದ ಕಿವಿಯ ಮುದುಕರು ಇನ್ನೂ ಅಲ್ಲಲ್ಲಿ ಜಗಲಿಯ ಮೇಲೆ ಕುಳಿತಿದ್ದಾರೆ. ಯಾವ ಜಾತ್ರೆಯಲ್ಲಿ, ಯಾರೊಡನೆ, ಯಾವ ಪಟ್ಟು, ಯಾರಿಗೆ ಸೋಲು, ಉಸ್ತಾದರು ಯಾರು ಎಂಬುದನ್ನು ಅವರ ಬಾಯಿಂದ ಕೇಳಿ ಬರೆದಿಡುವ ಕೆಲಸವನ್ನು ನಮ್ಮ ಇತಿಹಾಸ ಸಂಘ ಕೈಗೊಳ್ಳಬಾರದೇಕೆ? ನಮ್ಮಲ್ಲಿ ಬಹುಪಾಲು ವಿದ್ಯಾರ್ಥಿಗಳು ಮನೆಯಲ್ಲಿ ಮೊದಲು ಕಾಲೇಜು ಕಂಡವರು. ಕೇಳಿದುದನ್ನು ಕಾಗದಕ್ಕೆ ಇಳಿಸಬಲ್ಲ ಕೈ ಆ ಮನೆಗಳಿಗೆ ಈಗ ತಾನೇ ಬಂದಿದೆ.

ನಾನಂತೂ ಒಂದು ನೋಟುಪುಸ್ತಕ ತೆರೆದಿದ್ದೇನೆ. ನಾಗಮಂಗಲದ ಪೈಲ್ವಾನರು ನೆನಪಿನಿಂದ ಹೇಳಿದ 11 ಕುಸ್ತಿಗಳು ಅದರಲ್ಲಿ ಸೇರಿವೆ; ಏಳು ಗೆಲುವು, ಎರಡು ಸೋಲು, ಎರಡು ಸಮ. ಸೋಲುಗಳನ್ನು ಅವರೇ ಮೊದಲು ಹೇಳಿದರು. ಹನ್ನೆರಡನೆಯದಾಗಿ ನಮ್ಮ ತಾತನ ಹೆಸರು ಬರೆದು, ಫಲಿತಾಂಶದ ಜಾಗದಲ್ಲಿ “ಜೋಡಿ ಕಟ್ಟಿತ್ತು, ಕುಸ್ತಿ ನಡೆಯಲಿಲ್ಲ” ಎಂದು ಬರೆದಿದ್ದೇನೆ. ನಾಗಮಂಗಲದ ಗೆಳೆಯನು ಅದಕ್ಕೆ ಸಾಕ್ಷಿ ರುಜು ಹಾಕಿದ್ದಾನೆ. ಮುಂದಿನ ಮದುವೆಯಲ್ಲಿ ಪಾಯಸ ಬರುವ ಮುನ್ನ ಅದನ್ನು ಎರಡೂ ಊರಿನವರಿಗೆ ಓದಿ ಹೇಳಬೇಕೆಂದಿದ್ದೇವೆ. ಕೇಳುತ್ತಾರೆಂಬ ಭರವಸೆಯೇನೂ ನಮಗಿಲ್ಲ.